ಸ್ಪೀಕರಿನಲ್ಲಿ ಬೇಡದ ರೇಡಿಯೊ

ಪ್ರಶ್ನೆ: ಹಾಡು ಹಾಕದಿದ್ದರೂ ನನ್ನ ಸ್ಪೀಕರಿನಲ್ಲಿ ಸಣ್ಣಗೆ ಎಎಂ ರೇಡಿಯೊ ಮಾತು ಕೇಳಿಸುತ್ತದೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ಅಷ್ಟೇ ಇರುತ್ತದೆ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ದುಬಾರಿ ಆರ್‌ಸಿಎ ಕೇಬಲ್ ಹಾಕಿದರೂ ಹೋಗಲಿಲ್ಲ. ಏನು ಮಾಡಲಿ?

ಉತ್ತರ: ಸುಳಿವು ನಿಮ್ಮ ಮಾತಿನಲ್ಲೇ ಇದೆ. ವಾಲ್ಯೂಮ್ ಇಳಿಸಿದರೂ ಸದ್ದು ತಗ್ಗದಿದ್ದರೆ, ಅದು ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಒಳನುಗ್ಗುತ್ತಿದೆ. ಆರ್‌ಸಿಎ ಕೇಬಲಿಗೆ ಸುರಿದ ಹಣ ದಂಡವಾಯಿತು. ಅನುಮಾನ ಪಡಬೇಕಾದದ್ದು ಸ್ಪೀಕರ್ ವೈರನ್ನು. ಅದು ಸದ್ದು ಹೊರಹೋಗುವ ದಾರಿಯಲ್ಲವೇ ಅನ್ನಬಹುದು. ಆದರೆ ಆಂಪ್ಲಿಫೈಯರಿನ ಔಟ್‌ಪುಟ್‌ನ ಒಂದು ಪಾಲು ಫೀಡ್‌ಬ್ಯಾಕ್ ಆಗಿ ಮೊದಲ ಹಂತಕ್ಕೆ ಮರಳುತ್ತದೆ. ಉದ್ದನೆಯ ವೈರ್ ಆಂಟೆನಾದಂತೆ ಹಿಡಿದ ಅಲೆಯೂ ಅದೇ ದಾರಿ ಹಿಡಿಯುತ್ತದೆ. ಅಲ್ಲಿನ ಟ್ರಾನ್ಸಿಸ್ಟರ್ ಡಯೋಡಿನಂತೆ, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗದಂತೆ, ವರ್ತಿಸಿ ಮಾತನ್ನು ಸೋಸಿ ಕೊಟ್ಟುಬಿಡುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ: ಸ್ಪೀಕರನ್ನು ಆಂಪ್ಲಿಫೈಯರಿನ ಪಕ್ಕಕ್ಕೇ ತಂದು ಅರ್ಧ ಮೀಟರ್ ವೈರಿನಲ್ಲಿ ಜೋಡಿಸಿ. ಮಾತು ನಿಂತರೆ ಕಳ್ಳ ಸಿಕ್ಕ ಹಾಗೆಯೇ.

ಇನ್ನು ಮದ್ದು ಫೆರೈಟ್, ಅಂದರೆ ವೈರಿನಲ್ಲಿ ಬರುವ ರೇಡಿಯೊ ಅಲೆಗೆ ತಡೆಯೊಡ್ಡುವ, ಕಬ್ಬಿಣದ ಆಕ್ಸೈಡ್ ಬೆರೆತ ಪಿಂಗಾಣಿಯಂಥ ವಸ್ತು. ವೈರಿಗೆ ಒಂದು ಕ್ಲಿಪ್ ಸಿಕ್ಕಿಸಿ ಸುಮ್ಮನಾದರೆ ಎಎಂ ಅಲೆಗಳಿಗೆ ಅದು ಲೆಕ್ಕಕ್ಕೇ ಇಲ್ಲ. 31ನೇ ಮಿಶ್ರಣದ (ಅಂಗಡಿಯಲ್ಲಿ ‘ಮಿಕ್ಸ್ 31’), ಸುಮಾರು 61 ಮಿ.ಮೀ. ಹೊರವ್ಯಾಸದ ಫೆರೈಟ್ ಬಳೆ ತಂದು, ವೈರನ್ನು ಅದರೊಳಗೆ 8–10 ಸುತ್ತು ಹಾಯಿಸಿ. ತಡೆ ಹೆಚ್ಚುವುದು ಸುತ್ತಿನ ವರ್ಗದ ಲೆಕ್ಕದಲ್ಲಿ. 3 ಸುತ್ತಿಗೆ ಹೆಚ್ಚುಕಡಿಮೆ 9 ಪಟ್ಟು. ಪ್ಲಸ್, ಮೈನಸ್ ಎರಡೂ ಎಳೆಗಳನ್ನು ಒಟ್ಟಿಗೇ ಸುತ್ತಬೇಕು. ಆಗ ಸಂಗೀತದ ಕರೆಂಟು ಎದುರುಬದುರಾಗಿ ಹರಿದು ಫೆರೈಟಿನ ಮಟ್ಟಿಗೆ ಸೊನ್ನೆಯಾಗುತ್ತದೆ, ದನಿ ಕೆಡುವುದಿಲ್ಲ. ಒಂದೇ ಎಳೆ ಸುತ್ತಿದಿರೋ, ಫೆರೈಟ್ ಇನ್ನಷ್ಟು ಕಾಂತಗುಣ ಹಿಡಿಯಲಾರದಷ್ಟು ತುಂಬಿಹೋಗಿ ದನಿ ಒಡೆದೀತು. ಬಳೆ ಆಂಪ್ಲಿಫೈಯರ್ ತುದಿಯಿಂದ ಒಂದು ಗೇಣಿನೊಳಗಿರಲಿ. ಸ್ಪೀಕರ್ ತುದಿಯಲ್ಲಿಟ್ಟರೆ ನಡುವಿನ ವೈರೆಲ್ಲ ಆಂಟೆನಾ ಆಗಿಯೇ ಉಳಿಯುತ್ತದೆ. ಹೆಚ್ಚುವರಿ ವೈರ್ ಕತ್ತರಿಸಿ, ಉಳಿದದ್ದನ್ನು ಹುರಿ ಹೊಸೆದಂತೆ ಹೊಸೆಯಿರಿ.

ಔಟ್‌ಪುಟ್‌ಗೆ ಅಡ್ಡಲಾಗಿ ಕೆಪಾಸಿಟರ್ ಬೆಸೆಯುವ ಸಲಹೆಯೂ ಚಾಲ್ತಿಯಲ್ಲಿದೆ, ಬೇಡ. ಕೆಲವು ಆಂಪ್ಲಿಫೈಯರ್‌ಗಳು ಅದರಿಂದ ಆಸಿಲೇಟ್ ಆಗಿ, ಅಂದರೆ ತಾವಾಗಿಯೇ ಕಂಪಿಸತೊಡಗಿ, ಕಿವಿಗೇನೂ ಕೇಳಿಸದೆಯೇ ಬಿಸಿಯೇರಿ ಸುಡುತ್ತವೆ.

ಪ್ರಶ್ನೆ: ಗುಂಯ್ ಎನ್ನುವ ಸದ್ದಿಗೂ ಫೆರೈಟ್ ಆದೀತೇ?

ಉತ್ತರ: ಆಗದು. ಅದು ಕರೆಂಟಿನ 50 ಇಲ್ಲವೇ 100 ಹರ್ಟ್ಸ್ ಸದ್ದು. ಅಲ್ಲಿ ಫೆರೈಟ್ ಇದ್ದೂ ಇಲ್ಲದಂತೆ. ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಆಮೇಲೆ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ನಿಲ್ಲುತ್ತದೋ ಅಲ್ಲಿ ಗ್ರೌಂಡ್ ಲೂಪ್ ಇದೆ, ಅಂದರೆ ಉಪಕರಣಗಳ ನಡುವೆ ಅರ್ಥಿಗೆ ಎರಡು ದಾರಿಯಾಗಿ ಬಳೆಯಂತೆ ಕರೆಂಟು ಸುತ್ತುತ್ತಿದೆ. ಆ ಕೇಬಲಿನ ನಡುವೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅರ್ಥ್ ಪಿನ್ ಕಿತ್ತರೂ ಸದ್ದು ನಿಂತೀತು, ಆದರೆ ಒಳಗೆ ಲೈವ್ ವೈರ್ ಸಡಿಲವಾಗಿ ತಗುಲಿದ ದಿನ ಕ್ಯಾಬಿನೆಟ್ ಮುಟ್ಟಿದವರಿಗೆ ಶಾಕ್ ಖಂಡಿತ.