ಗ್ರಾಮ ಪಂಚಾಯ್ತಿ ಸದಸ್ಯರು ಶಾಸಕರಾಗುವ ದಾರಿ ಹೇಗೆ? ಎಲ್ಲಿ ಎಡವುತ್ತಾರೆ?

ಕರ್ನಾಟಕದಲ್ಲಿ ಈ ದಾರಿ ಹೊಸದೇನಲ್ಲ. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಗೆ ಗೆದ್ದರು, 1983ರಲ್ಲಿ ವಿಧಾನಸಭೆಗೆ ಬಂದರು. ಸಿದ್ದರಾಮಯ್ಯ ಶುರು ಮಾಡಿದ್ದು ಮೈಸೂರು ತಾಲ್ಲೂಕು ಬೋರ್ಡಿನಿಂದ.

ಪಂಚಾಯ್ತಿಗೆ 21 ವರ್ಷ ಸಾಕು, ವಿಧಾನಸಭೆಗೆ 25, ಪರಿಷತ್ತಿಗೆ 30 ಆಗಿರಬೇಕು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಅಲ್ಲಿ ಗೆದ್ದಿದ್ದು ನಿಮ್ಮ ಸ್ವಂತ ಹೆಸರು. ವಿಧಾನಸಭೆಗೆ ಅಷ್ಟು ಸಾಲದು, ಒಂದು ವಾರ್ಡಿನ ವರ್ಚಸ್ಸು ಇಡೀ ಕ್ಷೇತ್ರಕ್ಕೆ ಹಬ್ಬುವುದಿಲ್ಲ. ಹಾಗಾಗಿ ನಡುವೆ ತಾಲ್ಲೂಕು ಅಥವಾ ಜಿಲ್ಲಾ ಪಂಚಾಯ್ತಿಗೆ ಪಕ್ಷದ ಟಿಕೆಟ್‌ನಲ್ಲಿ ನಿಲ್ಲುವುದು ಒಳ್ಳೆಯದು. ಬೂತ್ ಮಟ್ಟದ ಕಾರ್ಯಕರ್ತರು ಪರಿಚಯವಾಗುವುದು ಅಲ್ಲೇ.

ಹೆಚ್ಚು ಜನ ಗಮನಿಸದ ಅಪಾಯ ಗುತ್ತಿಗೆ. ರಾಜ್ಯ ಸರ್ಕಾರದ ಜೊತೆ ನಿಮ್ಮ ವ್ಯಾಪಾರದ ಕಾಮಗಾರಿ ಅಥವಾ ಸರಬರಾಜು ಒಪ್ಪಂದ ಚಾಲ್ತಿಯಲ್ಲಿದ್ದರೆ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ ಅನರ್ಹತೆ. ನಿಮ್ಮ ಕಡೆಯ ಕೆಲಸ ಪೂರ್ತಿ ಮುಗಿದು ಬಿಲ್ ಮಾತ್ರ ಬಾಕಿಯಿದ್ದರೆ ತೊಂದರೆಯಿಲ್ಲ. ಆದರೆ ಮುಗಿದಿದೆ ಅನ್ನುವುದಕ್ಕೆ ದಾಖಲೆ ಕೈಯಲ್ಲಿರಲಿ, ನಾಮಪತ್ರ ಪರಿಶೀಲನೆಯ ದಿನ ಎದುರಾಳಿ ಮೊದಲು ಕೆದಕುವುದು ಇದನ್ನೇ.

ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ಬೇಕು. ಪಕ್ಕದ ಕ್ಷೇತ್ರದವರ ಸಹಿ ಲೆಕ್ಕಕ್ಕಿಲ್ಲ. ಗೆಲ್ಲಲಿ ಸೋಲಲಿ, ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಸೋತವರು ಇದನ್ನು ಮರೆತು ಮೂರು ವರ್ಷ ಅನರ್ಹರಾಗುವುದುಂಟು.

ಇನ್ನೊಂದು ಬಾಗಿಲು ವಿಧಾನ ಪರಿಷತ್ತು: 75 ಸ್ಥಾನಗಳಲ್ಲಿ 25ಕ್ಕೆ ಸ್ಥಳೀಯ ಸಂಸ್ಥೆಗಳ ಸದಸ್ಯರೇ ಮತದಾರರು.