ತರಗತಿಯ ಮಾತು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಐದನೇ ತರಗತಿ, 38 ಮಕ್ಕಳು. ‘ಗಲಾಟೆ ಮಾಡಬೇಡಿ’ ಎಂದು ಗಂಟಲು ಹರಿದುಕೊಂಡರೂ ಎರಡು ನಿಮಿಷಕ್ಕೆ ಮತ್ತೆ ಅದೇ ಸಂತೆ. ಏನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ಮಾತಿನಲ್ಲಿ ಮಕ್ಕಳು ಮಾಡಬೇಕಾದ ಕೆಲಸವೇ ಇಲ್ಲ. ಬಾಯಿ ಮುಚ್ಚಿದ ಮೇಲೆ ಮುಂದೇನು ಎಂದು ತಿಳಿಯದೆ ಪಕ್ಕದವರ ಕಡೆ ತಿರುಗುತ್ತಾರೆ. ಬೇಕಾದ್ದನ್ನು ಹೇಳಿ, ಒಂದು ಸಲಕ್ಕೆ ಒಂದೇ: ‘ಪೆನ್ಸಿಲ್ ಕೆಳಗಿಡಿ.’ ನಾಲ್ಕೈದು ಸೆಕೆಂಡ್ ತಡೆದು ಕೈಗಳನ್ನು ನೋಡಿ. ಎಲ್ಲರೂ ಇಟ್ಟ ಮೇಲೆ, ‘42ನೇ ಪುಟ ತೆಗೆಯಿರಿ.’ ಮತ್ತೆ ತಡೆದು, ‘ಮೊದಲನೇ ಚಿತ್ರದ ಮೇಲೆ ಬೆರಳಿಡಿ.’ ಮೂರನ್ನೂ ಒಂದೇ ಉಸಿರಿಗೆ ಹೇಳಿದರೆ ‘ಯಾವ ಪುಟ ಮಿಸ್?’ ಎಂಬ ಕೂಗು ಹತ್ತು ಕಡೆಯಿಂದ ಏಳುತ್ತದೆ.

‘ಪುಸ್ತಕ ತೆಗೆಯೋಣ್ವಾ?’ ಎಂದು ಕೇಳಲೂಬೇಡಿ. ಕೇಳಿದರೆ ‘ಬೇಡ ಮಿಸ್’ ಅನ್ನುವುದೂ ಒಂದು ಉತ್ತರವೇ. ಹಿಂದಿನ ಬೆಂಚಿನವನ ಹೆಸರು ಹಿಡಿದು ಕೂಗಿದರೆ ಉಳಿದ 37 ಮಕ್ಕಳೂ ಪಾಠ ಬಿಟ್ಟು ಅವನತ್ತ ನೋಡುತ್ತಾರೆ. ಪಾಠ ಮಾಡುತ್ತಲೇ ಅವನ ಬಳಿ ಹೋಗಿ, ‘ಎರಡನೇ ಲೆಕ್ಕ ಶುರು ಮಾಡು’ ಎಂದು ಮೆಲ್ಲಗೆ ಹೇಳಿ ಮುಂದೆ ನಡೆಯಿರಿ. ತಲೆಯ ಮೇಲೇ ನಿಂತರೆ ಹಟಕ್ಕೆ ಬೀಳುತ್ತಾನೆ.

ಇನ್ನೊಂದು ಮಾತು. 1975ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವೂ ಐದನೇ ತರಗತಿಯದೇ. ಒಂದು ತರಗತಿಗೆ ‘ಅಚ್ಚುಕಟ್ಟಾಗಿರಬೇಕು’ ಎಂಬ ಉಪದೇಶ, ಇನ್ನೊಂದಕ್ಕೆ ‘ನಿಮ್ಮದು ಅಚ್ಚುಕಟ್ಟಾದ ತರಗತಿ’ ಎಂಬ ಮಾತು. ಕಸ ಕಡಿಮೆಯಾಗಿದ್ದು, ಆ ಅಭ್ಯಾಸ ಉಳಿದಿದ್ದು ಎರಡನೆಯದರಲ್ಲಿ. ಆದರೆ ಕಣ್ಣೆದುರು ನಡೆದದ್ದನ್ನು ಹಿಡಿದೇ ಹೇಳಿ: ‘ಇವತ್ತು ಬೆಂಚಿನ ಕೆಳಗೆ ಒಂದು ಚೂರು ಕಾಗದವಿಲ್ಲ.’ ಸುಳ್ಳು ಹೊಗಳಿಕೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ನಾಲ್ಕನೇ ತರಗತಿಯ ಮಗಳನ್ನು ಶಾಲೆಯಲ್ಲಿ ಎಲ್ಲರೂ ‘ಜಾಣೆ’ ಅನ್ನುತ್ತಾರೆ. ಈಗ ಕಷ್ಟದ ಲೆಕ್ಕ ಕಂಡರೆ ಪುಸ್ತಕ ಮುಚ್ಚುತ್ತಾಳೆ. ಸಂಬಂಧ ಇದೆಯೇ?
– ಓದುಗರು, ಮೈಸೂರು

ಉತ್ತರ: ಇರಬಹುದು. ತಪ್ಪಿದರೆ ‘ಜಾಣೆ’ ಎಂಬ ಹೆಸರು ಹೋಗುತ್ತದೆಂಬ ಭಯ ಅದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲೌಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಮುಂದೆ ಹೆಚ್ಚಾಗಿ ಸುಲಭದ್ದನ್ನೇ ಆರಿಸಿದರು, ಒಮ್ಮೆ ಸೋತ ಮೇಲೆ ಇನ್ನಷ್ಟು ಹಿಂದೆ ಬಿದ್ದರು. ಹತ್ತರಲ್ಲಿ ಸುಮಾರು ನಾಲ್ವರು ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದರು. ಶ್ರಮವನ್ನು ಹೊಗಳಿಸಿಕೊಂಡವರಲ್ಲಿ ಹಾಗೆ ಮಾಡಿದವರು ತೀರ ಕಡಿಮೆ.

ಹಾಗೆಂದು ತಪ್ಪು ಉತ್ತರಕ್ಕೂ ‘ಪ್ರಯತ್ನಪಟ್ಟೆಯಲ್ಲ, ಸಾಕು’ ಅನ್ನಬೇಡಿ. ನಿನ್ನಿಂದ ಇಷ್ಟೇ ಆಗುವುದು ಎಂದು ಮಗುವಿಗೆ ಕೇಳಿಸುತ್ತದೆ. 27×14 ಲೆಕ್ಕಕ್ಕೆ 135 ಬರೆದಿದ್ದಾಳೆ ಅನ್ನಿ. 27×4=108 ಮಾಡಿ, ಅದರ ಕೆಳಗೆ 27 ಇಟ್ಟು ಕೂಡಿದ್ದಾಳೆ. ‘108 ಸರಿಯಾಗಿದೆ. ಎರಡನೇ ಸಾಲಿನಲ್ಲಿ ಗುಣಿಸಿದ್ದು ಒಂದರಿಂದಲೋ ಹತ್ತರಿಂದಲೋ?’ ಎಂದು ಕೇಳಿ, ಬೆರಳನ್ನು 14ರ 1ರ ಮೇಲಿಡಿ. 270 ಅವಳೇ ಬರೆಯಲಿ, 378 ಅವಳೇ ಕೂಡಲಿ. ಶಿಕ್ಷಕರನ್ನು ಕಂಡಾಗ ಇದೇ ಉದಾಹರಣೆ ಕೊಟ್ಟು ಮಾತಾಡಿ, ದೂರಿನಂತೆ ಕೇಳಿಸುವುದಿಲ್ಲ.

ಪ್ರಶ್ನೆ: ‘ಅರ್ಥ ಆಯ್ತಾ?’ ಅಂದರೆ ಇಡೀ ತರಗತಿ ‘ಆಯ್ತು ಸಾರ್’ ಅನ್ನುತ್ತದೆ. ಪರೀಕ್ಷೆಯಲ್ಲಿ ನೋಡಿದರೆ ಏನೂ ಇಲ್ಲ.
– ವಿಜ್ಞಾನ ಶಿಕ್ಷಕರು, ತುಮಕೂರು

ಉತ್ತರ: ‘ಇಲ್ಲ’ ಅನ್ನಲು ಎಲ್ಲರೆದುರು ಒಬ್ಬರೇ ನಿಲ್ಲಬೇಕು, ಆ ಧೈರ್ಯ ಯಾರಿಗಿದೆ? ‘ಇದರಲ್ಲಿ ಯಾವ ಹಂತ ಕಷ್ಟ ಆಯ್ತು?’ ಎಂದು ಕೇಳಿ, ಕಷ್ಟವಿದ್ದೇ ಇರುತ್ತದೆ ಎಂಬ ಧಾಟಿಯಲ್ಲಿ. ಆಮೇಲೆ ಸುಮ್ಮನಿರಿ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದೇ ಸೆಕೆಂಡ್ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದರು. ಅದನ್ನು ಮೂರು ಸೆಕೆಂಡ್ ಮಾಡಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದವರು ಕಡಿಮೆಯಾದರು. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು. ಹೆಸರು ಮೊದಲು ಬಂದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ.

ಪ್ರಶ್ನೆ: ತರಗತಿಯಲ್ಲಿ ಮಗುವಿಗೆ ‘ದಡ್ಡ’ ಅಂದರೆ ಅದೇನು ದೊಡ್ಡ ತಪ್ಪೇ?
– ಓದುಗರು, ಕಲಬುರಗಿ

ಉತ್ತರ: ಹೌದು, ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬಾಯಿ ತಪ್ಪಿ ಬಂದಿದ್ದರೆ ಆ ಪೀರಿಯಡ್ ಮುಗಿಯುವ ಮುನ್ನ, ಯಾವ ಮಕ್ಕಳೆದುರು ಬೈದಿರೋ ಅವರೆದುರಿಗೇ ಹೇಳಿಬಿಡಿ: ‘ನಾನು ಹಾಗನ್ನಬಾರದಿತ್ತು. ಲೆಕ್ಕ ತಪ್ಪಾಗಿತ್ತು, ಅಷ್ಟೇ.’