ಸಿಬಿಲ್ ಸ್ಕೋರ್ 780 ಇದೆ, ಅಮೆರಿಕದಲ್ಲಿ ಬಾಡಿಗೆ ಮನೆ ಹಿಡಿಯಲು ಅದು ನಡೆಯುತ್ತದೆಯೇ?

ನೀವು ಎಚ್‌-1ಬಿ ಉದ್ಯೋಗ ವೀಸಾದಲ್ಲಿ ಬೆಂಗಳೂರಿನಿಂದ ನ್ಯೂಜೆರ್ಸಿಗೆ ಹೊರಟಿದ್ದೀರಿ. ಅಲ್ಲಿ ನಿಮಗೆ ಕ್ರೆಡಿಟ್ ಹಿಸ್ಟರಿ (ಸಾಲ ಪಡೆದು ತೀರಿಸಿದ ದಾಖಲೆ) ಇಲ್ಲ. ಸಿಬಿಲ್ ತೋರಿಸಿದರೆ ಸಾಕೇ, ಇಲ್ಲವೇ ಅಡ್ವಾನ್ಸ್ ಜಾಸ್ತಿ ಕೊಡುತ್ತೇನೆಂದರೆ ಒಪ್ಪುತ್ತಾರೆಯೇ ಎಂದು ಕೇಳಿದ್ದೀರಿ.

ಸಾಮಾನ್ಯವಾಗಿ ಸಿಬಿಲ್ ನಡೆಯುವುದಿಲ್ಲ. ಅಲ್ಲಿ ಮನೆ ಬಾಡಿಗೆಗೆ ಕೊಡುವ ಲೀಸಿಂಗ್ ಆಫೀಸಿನವರು ತೆಗೆಸುವುದು ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಕ್ರೆಡಿಟ್ ಬ್ಯೂರೋಗಳ (ಸಾಲದ ದಾಖಲೆ ಇಡುವ ಸಂಸ್ಥೆಗಳ) ಅಮೆರಿಕದ ದಾಖಲೆ. ನಮ್ಮ ಸಿಬಿಲ್ ಕೂಡ ಟ್ರಾನ್ಸ್‌ಯೂನಿಯನ್ನಿನದೇ ಕಂಪನಿ, ಆದರೂ ಇಲ್ಲಿಯ ಕಡತ ಅಲ್ಲಿಗೆ ಹೋಗುವುದಿಲ್ಲ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನ ಲೆಕ್ಕ ಬಿಟ್ಟುಬಿಡಿ. ನ್ಯೂಜೆರ್ಸಿಯಲ್ಲಿ ಡೆಪಾಸಿಟ್ ಒಂದೂವರೆ ತಿಂಗಳ ಬಾಡಿಗೆ ಮೀರುವಂತಿಲ್ಲ. ನ್ಯೂಯಾರ್ಕ್‌ನಲ್ಲಿ 2019ರಿಂದ ಒಂದೇ ತಿಂಗಳು. ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈನಿಂದ ಹೆಚ್ಚಿನ ಮನೆಗಳಿಗೆ ಒಂದೇ ತಿಂಗಳು. ಟೆಕ್ಸಸ್‌ನಲ್ಲಿ ಮಿತಿ ಇಲ್ಲ, ಅಲ್ಲಿ ಈ ಮಾತು ಆಡಬಹುದು. ಮಿತಿ ಇರುವ ಕಡೆ "ಆರು ತಿಂಗಳ ಡೆಪಾಸಿಟ್ ಕೊಡುತ್ತೇನೆ" ಎಂದರೆ ಮ್ಯಾನೇಜರಿಗೆ ಆಸೆಯಾದರೂ ಕಾನೂನು ಬಿಡುವುದಿಲ್ಲ.

ಹಿಸ್ಟರಿ ಇಲ್ಲದಿರುವುದೂ ಹಿಸ್ಟರಿ ಕೆಟ್ಟಿರುವುದೂ ಬೇರೆ ಬೇರೆ. ಈ ವ್ಯತ್ಯಾಸ ಮನುಷ್ಯರಿಗೆ ಗೊತ್ತಾಗುತ್ತದೆ, ಅರ್ಜಿ ಜರಡಿ ಹಿಡಿಯುವ ಸ್ಕ್ರೀನಿಂಗ್ ಸಾಫ್ಟ್‌ವೇರ್‌ಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಸ್ಕೋರ್ ಜಾಗ ಖಾಲಿ ಇದ್ದರೆ ಅರ್ಜಿಯನ್ನು ಪಕ್ಕಕ್ಕಿಟ್ಟುಬಿಡುತ್ತದೆ, ನೀವು ಕಟ್ಟಿದ ಅಪ್ಲಿಕೇಶನ್ ಫೀ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆದ್ದರಿಂದ ಆನ್‌ಲೈನಿನಲ್ಲಿ ಅರ್ಜಿ ತುಂಬುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ: ಅಮೆರಿಕದ ಕ್ರೆಡಿಟ್ ಇಲ್ಲದವರಿಗೆ ನಿಮ್ಮ ನಿಯಮ ಏನು, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇನ್ನೂ ಬಾರದಿದ್ದರೆ ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕ ಪ್ರವೇಶದ ದಾಖಲೆ) ಸಾಕೇ, ಆದಾಯಕ್ಕೆ ಆಫರ್ ಲೆಟರ್ ಒಪ್ಪುತ್ತೀರಾ. ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಸ್ಕೋರ್ ಇಲ್ಲದವರನ್ನು ದಡ ಸೇರಿಸುವುದು ಆದಾಯದ ಕಾಗದ. ತಿಂಗಳ ಸಂಬಳ (ತೆರಿಗೆ ಕಡಿತಕ್ಕೆ ಮೊದಲಿನದು) ಬಾಡಿಗೆಯ ಮೂರು ಪಟ್ಟು ಇರಬೇಕೆಂಬುದು ಸಾಮಾನ್ಯ ಅಳತೆ. 2,400 ಡಾಲರ್ ಮನೆಗೆ ವರ್ಷಕ್ಕೆ 86,400. ನ್ಯೂಯಾರ್ಕ್ ನಗರದಲ್ಲಿ ಇನ್ನೂ ಬಿಗಿ, ವರ್ಷದ ಸಂಬಳ ತಿಂಗಳ ಬಾಡಿಗೆಯ 40 ಪಟ್ಟು. ಕಂಪನಿ ಲೆಟರ್‌ಹೆಡ್ಡಿನಲ್ಲಿ ಸಂಬಳ ಮತ್ತು ಸೇರುವ ದಿನಾಂಕ ಇರುವ ಪತ್ರ, ವೀಸಾ ಪುಟ, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಅಷ್ಟಕ್ಕೂ ಒಪ್ಪದಿದ್ದರೆ ಕೋಸೈನರ್ (ನಿಮ್ಮ ಜೊತೆ ಸಹಿ ಹಾಕಿ ಹೊಣೆ ಹೊರುವವರು) ಕೇಳುತ್ತಾರೆ. ಪರಿಚಯದವರನ್ನು ಕೇಳುವ ಮುಂಚೆ ಯೋಚಿಸಿ: ನೀವು ಬಾಡಿಗೆ ತಪ್ಪಿಸಿದರೆ ಪೂರ್ತಿ ಹೊಣೆ ಅವರದು. ಫೀ ತಗೊಂಡು ಗ್ಯಾರಂಟಿ ನಿಲ್ಲುವ ಕಂಪನಿಗಳೂ ಇವೆ, ಆದರೆ ಆ ಫೀ ಡೆಪಾಸಿಟ್ ಅಲ್ಲ, ಹೋದರೆ ಹೋಯಿತು. ಆ ಕಂಪನಿಯನ್ನು ನಿಮ್ಮ ಬಿಲ್ಡಿಂಗಿನವರು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿ.

ಕನ್ನಡಿಗರಿಗೆ ಹೆಸರಿನ ತೊಡಕು ಬೇರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಬ್ಯಾಂಕಿನಲ್ಲಿ ಒಂದು ರೀತಿ, ಎಸ್‌ಎಸ್‌ಎನ್‌ನಲ್ಲಿ ಇನ್ನೊಂದು ರೀತಿ, ಲೀಸಿನಲ್ಲಿ (ಬಾಡಿಗೆ ಕರಾರಿನಲ್ಲಿ) ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಸೇರಿಸಿ ಮತ್ತೊಂದು ರೀತಿ ಬರೆಸಿದರೆ ಬ್ಯೂರೋದಲ್ಲಿ ನಿಮ್ಮ ಕಡತ ಎರಡು ತುಂಡಾಗಬಹುದು. ಮೊದಲ ದಿನವೇ ಒಂದು ರೂಪ ಹಿಡಿದು ಎಲ್ಲ ಕಡೆ ಅದನ್ನೇ ಬರೆಸಿ.

ಕ್ರೆಡಿಟ್ ವರದಿಯ ಕಾರಣಕ್ಕೆ ಮನೆ ನಿರಾಕರಿಸಿದರೆ ಅಥವಾ ಕೋಸೈನರ್ ಬೇಕೆಂದರೆ, ಯಾವ ಸಂಸ್ಥೆಯ ವರದಿ ನೋಡಿದರೆಂದು ಅವರು ನಿಮಗೆ ತಿಳಿಸಲೇಬೇಕು. ಆ ನೋಟಿಸ್ ಬಂದ 60 ದಿನದೊಳಗೆ ಕೇಳಿದರೆ ವರದಿಯ ಪ್ರತಿ ಪುಕ್ಕಟೆ. ತಪ್ಪು ಕಂಡರೆ ಆ ಸಂಸ್ಥೆಗೆ ಬರೆಯಿರಿ, ಸಾಮಾನ್ಯವಾಗಿ 30 ದಿನದಲ್ಲಿ ಪರಿಶೀಲಿಸಬೇಕು.

ಎಸ್‌ಎಸ್‌ಎನ್ ಬಂದ ಕೂಡಲೇ ಒಂದು ಕಾರ್ಡ್ ತೆಗೆದುಕೊಳ್ಳಿ. ಅಮೆರಿಕನ್ ಎಕ್ಸ್‌ಪ್ರೆಸ್‌ನವರು ನೋವಾ ಕ್ರೆಡಿಟ್ ಎಂಬ ಸಂಸ್ಥೆಯ ಮೂಲಕ ಭಾರತದ ಕ್ರೆಡಿಟ್ ದಾಖಲೆ ನೋಡುತ್ತಾರೆ. ನಿಮ್ಮ ಹಳೆಯ ಒಳ್ಳೆಯ ಹೆಸರು ಕೆಲಸಕ್ಕೆ ಬರುವ ಅಪರೂಪದ ಜಾಗ ಅದು. ಇಲ್ಲವಾದರೆ ಇನ್ನೂರು ಡಾಲರ್ ಆಸುಪಾಸು ಠೇವಣಿ ಇಟ್ಟು ಸೆಕ್ಯೂರ್ಡ್ ಕಾರ್ಡ್. ಫೈಕೋ ಸ್ಕೋರ್ (ಅಮೆರಿಕದಲ್ಲಿ ಹೆಚ್ಚು ಬಳಸುವ ಕ್ರೆಡಿಟ್ ಸ್ಕೋರ್) ಹುಟ್ಟಬೇಕಾದರೆ ಕನಿಷ್ಠ ಒಂದು ಖಾತೆಗೆ ಆರು ತಿಂಗಳಾಗಿರಬೇಕು. ಈಗ ಶುರು ಮಾಡಿದರೆ ಒಂದು ವರ್ಷದ ಲೀಸ್ ಮುಗಿದು ಬೇರೆ ಮನೆ ಹುಡುಕುವಾಗ ತೋರಿಸಲು ಸ್ಕೋರ್ ಇರುತ್ತದೆ. ಬ್ಯೂರೋಗಳಲ್ಲಿ ಕ್ರೆಡಿಟ್ ಫ್ರೀಜ್ (ನಿಮ್ಮ ವರದಿಯನ್ನು ಬೇರೆಯವರು ನೋಡದಂತೆ ತಡೆ) ಮಾಡಿಸಿದ್ದರೆ ಅರ್ಜಿ ಹಾಕುವ ಮುಂಚೆ ತೆಗೆಸಿ, ಎಷ್ಟೋ ಜನ ಇದನ್ನು ಮರೆತು ಸಿಕ್ಕಿಹಾಕಿಕೊಳ್ಳುತ್ತಾರೆ.

ಮೊದಲ ಮನೆ ಖಾಲಿ ಮಾಡುವಾಗ ಹೊಸ ವಿಳಾಸವನ್ನು ಬರಹದಲ್ಲಿ ಕೊಟ್ಟು ಹೋಗಿ. ಕೊನೆಯ ನೀರು-ಕರೆಂಟು ಬಿಲ್ಲೋ ಕಾರ್ಪೆಟ್ ಶುಲ್ಕವೋ ಹಳೆಯ ವಿಳಾಸಕ್ಕೆ ಬಂದು, ನಿಮಗೆ ಗೊತ್ತಾಗದೆ ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಗೆ ಹೋದರೆ ಅದು ವರದಿಯಲ್ಲಿ ಏಳು ವರ್ಷ ಕೂರಬಹುದು.